ಬಜೆ ತೇಯುವ ಕಲ್ಲು

ಮೊದಲು ಆಕಳಿಕೆ. ಆಮೇಲೆ ಮೂಗು, ಕಣ್ಣು ಸುರಿಯತೊಡಗಿದವು. ಅಮ್ಮನಿಗೆ ನೆಗಡಿ ಎಂದುಕೊಂಡು ಮೆಣಸಿನ ಕಷಾಯ ಕಾಯಿಸಿಕೊಟ್ಟೆ. ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದಳು. ಅಪ್ಪ ಜಟಕಾ ಕರೆತಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು.

"ಅಫೀಮು ಎಷ್ಟು ವರ್ಷದಿಂದ ತಗೋತಿದ್ದೀರಮ್ಮ?"

ಅಪ್ಪ ಗೋಡೆ ನೋಡಿದರು. ಅಂದರೆ ಅವರಿಗೆ ಗೊತ್ತಿತ್ತು. ಮನೆಯಲ್ಲಿ ಗೊತ್ತಿಲ್ಲದ ದಡ್ಡಿ ನಾನೊಬ್ಬಳೇ.

"ಹತ್ತು" ಎಂದಳು ಅಮ್ಮ.

ಅದಕ್ಕೂ ಹತ್ತು ವರ್ಷದ ಹಿಂದೆ ನನಗೊಬ್ಬ ತಮ್ಮನಿದ್ದ. ಐದು ತಿಂಗಳ ಕೂಸು, ದಿನವಿಡೀ ಅಳುತ್ತಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದನ್ನೇ ಅಮ್ಮನೂ ಮಾಡಿದಳು. ಬಜೆ ತೇಯುವ ಕಲ್ಲಿನ ಮೇಲೆ ಸಾಸಿವೆಯಷ್ಟು ಅಫೀಮು ತೇಯ್ದು, ಹಾಲಿನಲ್ಲಿ ಕಲಸಿ ನೆಕ್ಕಿಸಿದಳು. ತಮ್ಮ ಮಲಗಿದ.

ಏಳಲಿಲ್ಲ.

ಉಳಿದ ಉಂಡೆಯನ್ನು ಅಮ್ಮ ಬಿಸಾಡದೆ ತಾನೇ ತಿನ್ನತೊಡಗಿದಳಂತೆ. ತಿಂದರೆ ಅಳುತ್ತಿರಲಿಲ್ಲ. ಹಾಗಾಗಿ ಮುಗಿದಾಗಲೆಲ್ಲ ಅಪ್ಪನೇ ತಂದುಕೊಟ್ಟರು. ಆ ಸಲ ಅವರಿಗೂ ಎಲ್ಲೂ ಸಿಕ್ಕಿರಲಿಲ್ಲ, ಅಷ್ಟೇ. ಈ ವಿಷಯಕ್ಕೆ ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಮ್ಮ ಒಂದು ತಿಂಗಳು ವಾರ್ಡಿನಲ್ಲಿದ್ದಳು. ವಾಂತಿ, ನಡುಕ. "ಇಷ್ಟೇ ಇಷ್ಟು ತಂದ್ಕೊಟ್ಬುಡೇ, ಕಾಲಿಗೆ ಬೀಳ್ತೀನಿ" ಎಂದು ಹೆತ್ತ ಮಗಳ ಕಾಲು ಹಿಡಿಯಲು ಬಂದಳು. ಡಿಸ್ಚಾರ್ಜ್ ದಿನ ಡಾಕ್ಟರು, "ನಂಬಿ, ಆದ್ರೆ ಒಂದು ಕಣ್ಣಿಟ್ಟಿರಿ" ಎಂದರು. ನಂಬುವುದು ನನ್ನ ಕೈಲಾಗಲಿಲ್ಲ. ಕಣ್ಣು ಮಾತ್ರ ಎರಡೂ ಇಟ್ಟೆ. ರಾಗಿ ಮಡಕೆ, ದಿಂಬಿನ ಹೊಲಿಗೆ, ಅವಳ ಸೆರಗಿನ ಗಂಟು, ಯಾವುದನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಸಿಗದಷ್ಟೂ ಅನುಮಾನ ಹೆಚ್ಚಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ, ನಮ್ಮ ಮನೆಯಲ್ಲಿ ಕಾವಲಿನವಳದ್ದೂ ಹಾಗೇ ಇತ್ತು.

ಮದುವೆಯಾಗಿ ಇಲವಾಲಕ್ಕೆ ಹೋದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ! ಒಲ್ಲೆ ಎಂದರೆ ಅತ್ತೆಗೆ ಕಾರಣ ಏನೆಂದು ಹೇಳಲಿ? ಮೈಸೂರಿನ ತವರಿಗೇ ಬಂದೆ. ಹೆಣ್ಣು ಮಗು ಹುಟ್ಟಿತು.

ಹನ್ನೊಂದನೇ ದಿನದ ನೀರಾದ ಮೇಲೆ ಅಮ್ಮ ಅದೇ ಕಲ್ಲು ತೆಗೆದಳು. ನಾನು ದಡಕ್ಕನೆ ಎದ್ದು ಕೂತೆ.

"ಬಜೆ ಕಣೇ. ಬರೀ ಬಜೆ."

"ಇರಲಿ, ಕೊಡು ಇಲ್ಲಿ."

ಕಲ್ಲಿಗೆ ನಾಲಿಗೆ ಇಟ್ಟು ನೋಡಿದೆ. ಬಜೆಯದೇ ಘಾಟು. ಅಮ್ಮ ತಲೆ ತಗ್ಗಿಸಿ ಕೂತಿದ್ದಳು. ಪಾಪ ಅನ್ನಿಸಿತು. ಆದರೂ ಮಾರನೆಯ ದಿನ ಮತ್ತೆ ನೆಕ್ಕಿದೆ, ಅದರ ಮಾರನೆಯ ದಿನವೂ.

ಇನ್ನೊಂದು ಅನುಮಾನ ಬೇರೆ. ಮಧ್ಯಾಹ್ನ ನನಗೆ ಜೊಂಪು ಹತ್ತಿದರೆ ಸಾಕು, ಒಳಕೋಣೆಯಲ್ಲಿ ಮಲಗಿದ್ದ ಮಗು ಕಿಟಾರನೆ ಕಿರಚುತ್ತಿತ್ತು. ಏನು ಮಾಡುತ್ತಾಳೆ ಇವಳು? ಚಿವುಟುತ್ತಾಳಾ? ಬಾಯಿಗೆ ಏನಾದರೂ ಹಾಕುತ್ತಾಳಾ? ಒಂದು ದಿನ ಮಲಗಿದಂತೆ ನಟಿಸಿ, ಮೆಲ್ಲಗೆ ಎದ್ದು ಹೋಗಿ ಇಣುಕಿದೆ.

ಅಮ್ಮ ತೊಟ್ಟಿಲ ಮೇಲೆ ಬಾಗಿದ್ದಳು. ಮಗುವಿನ ಅಂಗಾಲಿಗೆ ಬೆರಳಿಂದ ಟಪ್ಪೆಂದು ಹೊಡೆದಳು. ಮಗು ಅತ್ತಿತು. "ಎದ್ಯಾ ನನ್ನವ್ವ? ಎದ್ಯಾ?" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. ತಟ್ಟಿ ಮಲಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆದಳು.

"ಅಮ್ಮಾ."

ಬೆಚ್ಚಿಬಿದ್ದಳು. "ನಿದ್ದೆ ಜಾಸ್ತಿ ಆಯ್ತು ಅನ್ನಿಸ್ತು ಕಣಮ್ಮ. ಭಯ ಆಯ್ತದೆ. ಪುಟ್ಟಸ್ವಾಮಿನೂ ಇಂಗೇ ಮಲಗಿದ್ದ."

ಹನ್ನೆರಡು ವರ್ಷದಲ್ಲಿ ತಮ್ಮನ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಇಬ್ಬರೂ ಅಲ್ಲೇ ಕೂತು ಹೊಟ್ಟೆ ತುಂಬ ಅತ್ತೆವು.

ಆಮೇಲೆ ಅವಳ ಕೈಯನ್ನು ಮಗುವಿನ ಹೊಟ್ಟೆಯ ಮೇಲಿಟ್ಟೆ. "ಏಳಿಸಬೇಡ. ಹಿಂಗೆ ಇಟ್ಕೊಂಡಿರು, ಉಸಿರಾಡೋದು ಗೊತ್ತಾಗ್ತದೆ." ಅವತ್ತು ಮಧ್ಯಾಹ್ನ ನಾನು ನಿಜವಾಗಿ ಮಲಗಿದೆ.

ಪೂರ್ತಿ ನಂಬಿಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಇವತ್ತು ಬೆಳಿಗ್ಗೆಯೂ ಬಜೆಯ ರುಚಿ ನೋಡಿದೆ. ಆದರೆ ಈಗ ನಾನು ಕೇಳಬೇಕಿಲ್ಲ. ಅಮ್ಮನೇ ಕಲ್ಲು ತಂದು ನನ್ನ ಬಾಯಿಯ ಹತ್ತಿರ ಹಿಡಿಯುತ್ತಾಳೆ.

"ಮೊದ್ಲು ನೀನು ನೋಡ್ಬುಡು ಕಣಮ್ಮ. ನೀನು ನೋಡಿದ್ರೇನೇ ನಂಗೂ ಧೈರ್ಯ."