ಇಸ್ತ್ರಿ ಅಂಗಡಿಯ ಸೊಸೆಯ ಹತ್ತನೇ ಪಂದ್ಯ

ನಮ್ಮ ಸೊಸೆ ಒಂಬತ್ತು ಬಾಕ್ಸಿಂಗ್ ಪಂದ್ಯ ಆಡಿದ್ದಳು, ಒಂಬತ್ತೂ ಸೋತಿದ್ದಳು. ಪ್ರತಿಸಲವೂ ಮೂಗು ಊದಿಸಿಕೊಂಡು ಮನೆಗೆ ಬಂದು, "ಮುಂದಿನ ಸಲ ನೋಡಿ ಅತ್ತೆ" ಅಂತಿದ್ದಳು. ನಾನು ಬಿಡ್ತೀನಾ? "ಮುಂದಿನ ಸಲಕ್ಕೆ ಮೂಗು ಉಳಿದರೆ ತಾನೆ ನೋಡೋದು" ಅಂತಿದ್ದೆ. ನನ್ನ ನಾಲಿಗೆಯೇ ಅಂಥದ್ದು, ಏನು ಮಾಡೋದು.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮುಂದೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ಕೋಣೆ, ಮಹಡಿ ಮೇಲೆ ಮನೆ. ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲಿನ ಮೇಜುಬಟ್ಟೆ, ಆಫೀಸಿನವರ ಷರಟು, ಎಲ್ಲ ಬರುತ್ತೆ. ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಕಾಲರನ್ನು ತುದಿಯಿಂದ ನಡುವಿಗೆ ತೀಡಬೇಕು ಅನ್ನೋದೂ ಗೊತ್ತಿರಲಿಲ್ಲ. ನಾನೇ ಕೈ ಹಿಡಿದು ಕಲಿಸಿದೆ. ಒತ್ತು, ಮೂರು ಎಣಿಸು, ಎತ್ತು. ಅವಸರ ಮಾಡಿದರೆ ಸುಕ್ಕು ಹೋಗಲ್ಲ. ಸುಕ್ಕು ಉಳಿದರೆ ನನ್ನ ಬಾಯಿ ಸುಮ್ಮನಿರಲ್ಲ. ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಮಾಡೋಕೆ ಶುರು ಮಾಡಿದಳು. ಅದನ್ನು ಅವಳಿಗೆ ನಾನು ಹೇಳಲಿಲ್ಲ ಬಿಡಿ.

ಬೀದಿಯ ಕೊನೆಯಲ್ಲಿ ಒಂದು ಹಳೇ ಗೋದಾಮಿದೆ, ಅದರೊಳಗೆ ಬಾಕ್ಸಿಂಗ್ ಕ್ಲಬ್ಬು. ಅವರ ಬೆವರಿನ ಟವಲೆಲ್ಲ ನಮ್ಮಲ್ಲಿಗೇ ಬರ್ತಿತ್ತು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ಟವಲಿನ ಗಂಟು ಕೊಟ್ಟು ಬರ್ತೀನಿ ಅಂತ ಹೋದವಳು ಎರಡು ಗಂಟೆ ಬಿಟ್ಟು ಬಂದಳು.

"ಎಲ್ಲಿ ಹಾಳಾಗಿ ಹೋಗಿದ್ದೆ?" ಅಂದೆ.

"ಅತ್ತೆ, ನಾನೂ ಕಲೀತೀನಿ."

ನನ್ನ ಮಗ ಬಸ್ ಡ್ರೈವರ್, ಜಗಳ ಅಂದರೆ ಆಗದವನು. "ಕಲೀಲಿ ಬಿಡಮ್ಮ. ನಿನ್ನ ಹತ್ತಿರ ಮಾತಲ್ಲಿ ಗೆಲ್ಲೋಕಂತೂ ಆಗಲ್ಲ, ಹೊರಗಾದರೂ ಗೆಲ್ಲಲಿ" ಅಂದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ನಾನು ಗೊಣಗಿದೆ. ಯಾರು ಕೇಳ್ತಾರೆ?

ಆರು ವರ್ಷ ಕಳೀತು. ಬಾಕ್ಸಿಂಗ್ ಸ್ಪರ್ಧೆಗಳಲ್ಲಿ ಮೂವತ್ತೈದು ತುಂಬಿದವರಿಗೆ ಜಾಗ ಇಲ್ಲ. ಅವಳಿಗೆ ಮೂವತ್ತೈದು ತುಂಬೋಕೆ ಎರಡೇ ತಿಂಗಳಿತ್ತು, ಅದರೊಳಗೆ ಸಿಗೋದು ಒಂದೇ ಪಂದ್ಯ. ಎದುರಾಳಿ ಯಾರು? ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಕಾಗದ ಎಸೆದೆಸೆದು ಅವಳ ಕೈ ಕಣ್ಣಿಗೇ ಕಾಣ್ತಿರಲಿಲ್ಲ. ನಮ್ಮವಳನ್ನು ಆಗಲೇ ನಾಲ್ಕು ಸಲ ಸೋಲಿಸಿದ್ದಳು.

"ಒಂದೇ ಒಂದು ಸಲ ಗೆಲ್ಲಬೇಕು ಅತ್ತೆ," ಅಂದಳು ಹಾಸುಬಟ್ಟೆ ಮಡಿಸ್ತಾ. "ರೆಫರಿ ಒಂದು ಸಲ ನನ್ನ ಕೈ ಎತ್ತಬೇಕು. ಆಮೇಲೆ ಬಿಟ್ಟುಬಿಡ್ತೀನಿ."

ಬೈಯೋ ಬದಲು ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದೆ. ಯಾಕೆ ಅಂದರೆ ಒಂಬತ್ತನೇ ಪಂದ್ಯ ನಾನು ಕಣ್ಣಾರೆ ನೋಡಿದ್ದೆ, ಅದೇ ಮೊದಲ ಸಲ. ಅವತ್ತೂ ಎದುರಿಗೆ ಈ ಅಂಚೆಯವಳೇ. ಇವಳು ಗುದ್ದೋಕೆ ಕೈ ಚಾಚಿದರೆ ಸಾಕು, ಕೂತ ಜನ "ಇಸ್ತ್ರಿ! ಇಸ್ತ್ರಿ!" ಅಂತ ಕೂಗಿ ನಗ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯ್ತು. ಪಕ್ಕದವನಿಗೆ ಚೀಲದಲ್ಲಿ ಒಂದು ಬಾರಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ನಗೋದು ಯಾಕೆ ಅಂತ ಆಮೇಲೆ ಕಂಡಿತು. ಇವಳ ಗುದ್ದು ಹೋಗಿ ತಾಗಿ ಅಲ್ಲೇ ನಿಲ್ಲುತ್ತೆ. ಒತ್ತಿ, ಎಣಿಸಿ, ಎತ್ತುತ್ತಾಳೆ. ಅಷ್ಟರಲ್ಲಿ ಅಂಚೆಯವಳು ಎರಡು ಬಿಗಿದು ಹೋಗಿರ್ತಾಳೆ. ಅಯ್ಯೋ, ಇದು ನಾನು ಕಲಿಸಿದ ಪಾಠ! ಹದಿನಾಲ್ಕು ವರ್ಷ ಬೈದು ಬೈದು ಆ ಕೈಯನ್ನು ನಿಧಾನ ಮಾಡಿದವಳು ನಾನೇ.

ಕ್ಲಬ್ಬಿನ ಮೇಷ್ಟ್ರು ಒಳ್ಳೇ ಮನುಷ್ಯ, ಆದರೆ ಹಳೇ ಕಾಲದವರು. ಕೈ ಚುರುಕಾಗಲಿ ಅಂತ ಎರಡೆರಡು ಕಿಲೋ ಕಬ್ಬಿಣ ಹಿಡಿಸಿ ಗಾಳಿಗೆ ಗುದ್ದಿಸಿದರು. ಭುಜ ಇನ್ನಷ್ಟು ಬಿಗೀತು. ದಿನವಿಡೀ ಆರು ಕಿಲೋ ಇಸ್ತ್ರಿ ಪೆಟ್ಟಿಗೆ ತಳ್ಳುವವಳಿಗೆ ಭಾರ ಕಮ್ಮಿ ಆಗಿತ್ತಾ?

ಒಂದು ಬೆಳಿಗ್ಗೆ ಅವಳು ಪೆಟ್ಟಿಗೆ ಕಾದಿದೆಯಾ ಅಂತ ಬೆರಳು ಒದ್ದೆ ಮಾಡಿ ಮುಟ್ಟಿದಳು. ಚುರ್ ಅಂತು. ಬೆರಳು ಆಗಲೇ ವಾಪಸು ಬಂದಿತ್ತು. ನಾನು ಎದ್ದು ನಿಂತೆ.

"ಏನೇ, ಇನ್ನೊಂದು ಸಲ ಮುಟ್ಟು."

"ಯಾಕೆ ಅತ್ತೆ, ನನ್ನ ಬೆರಳು ಸುಡಬೇಕಾ?"

"ಮುಟ್ಟೇ ಅಂದರೆ!"

ಮತ್ತೆ ಚುರ್. ಭುಜ ಸಡಿಲ, ಮೊಣಕೈ ಸಡಿಲ, ಹೋದದ್ದಕ್ಕಿಂತ ಬೇಗ ವಾಪಸು. "ಹೀಗೆ ಗುದ್ದೇ ಪೆದ್ದಿ, ಹೀಗೆ!" ಅಂತ ಕಿರುಚಿದೆ. ರಸ್ತೆಯಲ್ಲಿ ಹೋಗ್ತಿದ್ದವರು ಇಣುಕಿ ನೋಡಿದರು.

ಅವತ್ತೇ ಸಂಜೆ ಕ್ಲಬ್ಬಿಗೆ ನುಗ್ಗಿದೆ. "ಮೇಷ್ಟ್ರೇ, ಆ ಕಬ್ಬಿಣ ಇಡಿ ಪಕ್ಕಕ್ಕೆ." ಅವರು ಕಣ್ಣು ಕಿರಿದು ಮಾಡಿದರು. "ಅಮ್ಮಾ, ನನಗೆ ಬಾಕ್ಸಿಂಗ್ ಹೇಳಿಕೊಡ್ತೀರಾ?" "ನನಗೆ ಬಾಕ್ಸಿಂಗ್ ಗೊತ್ತಿಲ್ಲ. ಇವಳ ಕೈ ಗೊತ್ತು" ಅಂದೆ. ಬೆರಳಿನ ಕಥೆ ಕೇಳಿ ಅವರು ಕಬ್ಬಿಣ ಪಕ್ಕಕ್ಕಿಟ್ಟರು. ಆಮೇಲೆ ಅವಳಿಗೆ, "ಮುಷ್ಟಿ ಮೊದಲೇ ಬಿಗೀಬೇಡ, ತಾಗೋ ಹೊತ್ತಿಗೆ ಬಿಗಿ. ಉಸಿರು ಹಿಡೀಬೇಡ, ಗುದ್ದಿನ ಜೊತೆ ಬಿಡು. ಉಳಿದದ್ದು ನಿಮ್ಮತ್ತೆ ಹೇಳಿದ ಹಾಗೆ" ಅಂದರು. ತಪ್ಪು ಒಪ್ಪಿಕೊಳ್ಳೋ ಗಂಡಸನ್ನು ನಾನು ನೋಡಿದ್ದು ಅಪರೂಪ.

ಆರು ವಾರ ಉಳಿದಿತ್ತು. ಬೆಳಿಗ್ಗೆ ಅಂಗಡಿ ತೆಗೆಯೋ ಮೊದಲು ಒಗೆಯುವ ಕೋಣೆಯಲ್ಲಿ ನಮ್ಮಿಬ್ಬರ ಆಟ. ನಾನು ಒಂದು ಅಂಗೈ ಒಡ್ಡಬೇಕು, ಅವಳು ಗುದ್ದಬೇಕು. ವಾಪಸು ಹೋಗೋದರೊಳಗೆ ಇನ್ನೊಂದು ಕೈಯಲ್ಲಿ ಅವಳ ಮಣಿಕಟ್ಟು ನಾನು ಹಿಡಿದರೆ, ಅವತ್ತಿನ ಆಸ್ಪತ್ರೆ ಹಾಸುಬಟ್ಟೆ ಪೂರ್ತಿ ಅವಳೇ ಮಡಿಸಬೇಕು. ಮೊದಲ ವಾರ ಹತ್ತಕ್ಕೆ ಹತ್ತು ಹಿಡಿದೆ. ಅವಳು ಮಡಿಸಿ ಮಡಿಸಿ ಸುಸ್ತಾದಳು, ನಾನು ಕಾಲು ಚಾಚಿ ಕಾಫಿ ಕುಡಿದೆ. ಮೂರನೇ ವಾರ ಹತ್ತಕ್ಕೆ ಐದು. ಐದನೇ ವಾರ ನನ್ನ ಕೈಗೆ ಬರೀ ಗಾಳಿ ಸಿಗೋಕೆ ಶುರುವಾಯ್ತು. ಅಂಗೈ ಕೆಂಪಾಗಿ ಊದಿತು, ಹಾಸುಬಟ್ಟೆ ಮಡಿಸೋ ಸರದಿ ನನ್ನದಾಯ್ತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ಮಗ ಕಿಸಕ್ಕನೆ ನಕ್ಕ. ಅವನಿಗೂ ಒಂದು ಗಂಟು ಮಡಿಸೋಕೆ ಕೊಟ್ಟೆ.

ಪಂದ್ಯದ ದಿನ ಸಭಾಂಗಣ ತುಂಬಿತ್ತು. ಎರಡೆರಡು ನಿಮಿಷದ ಮೂರು ಸುತ್ತು. ಮೊದಲ ಸುತ್ತಿನಲ್ಲಿ ನಮ್ಮವಳಿಗೆ ಏನಾಯ್ತೋ ಕಾಣೆ, ಹಳೇ ಚಾಳಿಗೆ ಬಿದ್ದಳು. ತಾಗಿತು, ನಿಂತಳು, ತಿಂದಳು. "ಇಸ್ತ್ರಿ!" ಅಂತ ಹಿಂದಿನ ಸಾಲು ಕೂಗಿತು. ಆ ಸುತ್ತು ಹೋಯ್ತು.

ಮೂಲೆಯಲ್ಲಿ ಕೂತವಳ ಹತ್ತಿರ ಹೋಗಿ ಹಗ್ಗದ ಕೆಳಗಿಂದ ಅವಳ ಕಾಲು ಹಿಡಿದೆ. ಬೈಯೋಕೆ ಅಂತಲೇ ಹೋಗಿದ್ದೆ, ಬೇರೇನೋ ಬಂತು. "ಮೂರು ಎಣಿಸು ಅಂತ ಹೇಳಿದ್ದು ನಾನು. ಇವತ್ತು ನಾನೇ ಹೇಳ್ತಿದ್ದೀನಿ, ಎಣಿಸಬೇಡ ಕಣೆ. ಸುಕ್ಕು ಉಳಿದರೆ ಉಳೀಲಿ." ಅವಳು ನನ್ನನ್ನೇ ನೋಡಿದಳು. ತಲೆಯಾಡಿಸಿದಳು.

ಎರಡನೇ ಸುತ್ತಿಗೆ ಎದ್ದವಳೇ ಬೇರೆ! ಭುಜ ಇಳಿದಿತ್ತು. ಎಡಗೈ ಹೋಗಿದ್ದು ನನಗೆ ಕಾಣಲಿಲ್ಲ, ಅಂಚೆಯವಳ ತಲೆ ಹಿಂದಕ್ಕೆ ಹೋಗಿದ್ದು ಕಂಡಿತು. ಅವಳು ತಿರುಗಿಸಿ ಹೊಡೆಯೋಕೆ ಬಂದಾಗ ನಮ್ಮವಳ ಕೈ ಗಲ್ಲದ ಪಕ್ಕದಲ್ಲಿ ಕಾವಲಿಗೆ ನಿಂತಾಗಿತ್ತು. ಮತ್ತೆ ಎಡ, ಎಡ, ಬಲ. ಹಿಂದಿನ ಸಾಲು ತೆಪ್ಪಗಾಯ್ತು. ಮೂರನೇ ಸುತ್ತಿನಲ್ಲಿ ಅಂಚೆಯವಳೂ ಸುಮ್ಮನೆ ಬಿಡಲಿಲ್ಲ, ಗಟ್ಟಿಗಿತ್ತಿ ಅವಳು. ಆದರೆ ಅವಳು ಒಂದು ಕೊಡೋದರೊಳಗೆ ನಮ್ಮವಳು ಮೂರು ಕೊಟ್ಟು ಪಕ್ಕಕ್ಕೆ ಸರೀತಿದ್ದಳು. ಕೊನೆಯ ಅರ್ಧ ನಿಮಿಷ ಇಡೀ ಸಭಾಂಗಣ ಎದ್ದು ನಿಂತಿತ್ತು. ನಾನು ಬೆಂಚಿನ ಮೇಲೆ ಹತ್ತಿದ್ದೆ, ಅರವತ್ತಮೂರರ ಮಂಡಿ ನೋವು ಎಲ್ಲಿಗೆ ಹೋಗಿತ್ತೋ!

ಮೂವರು ತೀರ್ಪುಗಾರರದೂ ಒಂದೇ ಮಾತು. ರೆಫರಿ ನಮ್ಮವಳ ಕೈ ಎತ್ತಿದ. ಅವಳು ಆ ಕೈಯನ್ನು ಬೇರೆ ಯಾರದೋ ಅನ್ನೋ ಹಾಗೆ ತಲೆಯೆತ್ತಿ ನೋಡಿದಳು. ಆಮೇಲೆ ಬಾಯಿತುಂಬ ನಕ್ಕಳು. ಅಂಚೆಯವಳೇ ಮೊದಲು ಬಂದು ತಬ್ಬಿಕೊಂಡಳು.

ಮೈಕು ಹಿಡಿದವನು ಪುಸ್ತಕ ತೆರೆದು ಕೇಳಿದ, "ಗೆದ್ದವರ ಗುರುಗಳು ಯಾರು? ಹೇಳಿ, ಘೋಷಣೆ ಮಾಡಬೇಕು."

"ನಮ್ಮತ್ತೆ," ಅಂದಳು.

"ಮನೆಯವರನ್ನಲ್ಲಮ್ಮ ಕೇಳಿದ್ದು. ಗುದ್ದೋದು ಕಲಿಸಿದವರು ಯಾರು?"

"ಅದನ್ನೇ ಹೇಳ್ತಿದ್ದೀನಿ."

ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು, "ಬರ್ಕೊಳ್ಳಯ್ಯ. ಆರು ವರ್ಷ ನಾನು ಕಲಿಸಿದೆ, ಆರು ವಾರ ಅವರು ಕಲಿಸಿದರು. ಗೆದ್ದದ್ದು ಯಾವಾಗ?" ಅಂದರು.

ಮೈಕಿನಲ್ಲಿ ಹೇಳಿಯೇಬಿಟ್ಟ: "ಗುರುಗಳು, ಗೆದ್ದವರ ಅತ್ತೆ!" ಜನ ಮೊದಲು ನಕ್ಕರು. ಆಮೇಲೆ ಚಪ್ಪಾಳೆ ಹೊಡೆದರು, ನಿಲ್ಲಿಸಲೇ ಇಲ್ಲ. ಇಷ್ಟು ವರ್ಷ ಒಂದು ಒಳ್ಳೇ ಮಾತು ಆಡದವಳು ನಾನು. ಆ ಹುಡುಗಿ ಅಷ್ಟು ಜನರೆದುರು ತನ್ನ ಗೆಲುವನ್ನು ತಂದು ನನ್ನ ಮಡಿಲಿಗೆ ಹಾಕಿದಳಲ್ಲ! ಕಣ್ಣಲ್ಲಿ ನೀರು ಧಾರೆಯಾಗಿ ಇಳೀತು, ಒರೆಸಿಕೊಳ್ಳೋಕೂ ಹೋಗಲಿಲ್ಲ.

ಹಗ್ಗ ಎತ್ತಿ ಹಿಡಿದು, "ಬನ್ನಿ ಅತ್ತೆ, ಮೇಲೆ ಬನ್ನಿ" ಅಂದಳು. ಬಗ್ಗಿ ಒಳಗೆ ಹೋದೆ. ಅವಳ ಬೆವರಿದ ತಲೆಯನ್ನು ಎದೆಗೆ ಒತ್ತಿಕೊಂಡು ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ಇವಳು ನನಗಿಂತ ಚೆನ್ನಾಗಿ ಇಸ್ತ್ರಿ ಮಾಡ್ತಾಳೆ ಕಣ್ರೋ!"