ಒಂದು ಕಾರಿಗೆ ಎಷ್ಟು ಅಡುಗೆಮನೆ

ಗೇರ್‌ಬಾಕ್ಸ್ ದಾರಿಯಲ್ಲೇ ಕೈಕೊಡಬಹುದು. ರೇಡಿಯೇಟರ್ ಕುದಿಯಬಹುದು. ಐವತ್ತು ವರ್ಷ ಹಳೆಯ ಬ್ರೇಕು ಹೆದ್ದಾರಿಯಲ್ಲಿ ಒಂದೇ ಪಕ್ಕಕ್ಕೆ ಎಳೆಯಬಹುದು. ಪೆಟ್ರೋಲ್ ಮುಳ್ಳು ಅರ್ಧ ಟ್ಯಾಂಕ್ ಎಂದು ತೋರಿಸುತ್ತಲೇ ಎಂಜಿನ್ ನಿಂತುಹೋಗಬಹುದು. ಸ್ವೀಡನ್ನಿನ ದಕ್ಷಿಣ ತುದಿಯ ಮಾಲ್ಮೋದಿಂದ ಹೊರಡುವಾಗ ಒಂದು ತಿರುವು ತಪ್ಪಿ, ಸೇತುವೆ ಹತ್ತಿ, ಡೆನ್ಮಾರ್ಕಿನಲ್ಲಿ ಇಳಿಯಬಹುದು. ಅಲ್ಲಿಯ ಪೊಲೀಸರು ಇನ್ನೂ ನಮ್ಮ ಹೆಸರಿಗೆ ಆಗಿರದ ಕಾರಿನ ಕಾಗದ ಕೇಳಬಹುದು. ಕಾಡಿನ ನಡುವಿನ ರಸ್ತೆಯಲ್ಲಿ ಎಲ್ಕ್ ಎಂಬ ದೈತ್ಯ ಜಿಂಕೆ ಅಡ್ಡ ಬರಬಹುದು. ತಳದ ತುಕ್ಕಿನ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿರಬಹುದು. ವಯರಿಂಗ್ ಹೊಗೆಯಾಡಬಹುದು. ಇದೆಲ್ಲಕ್ಕಿಂತ ಮುಂಚೆ, ಅಡ್ವಾನ್ಸ್ ತೆಗೆದುಕೊಂಡ ಮನುಷ್ಯ ಸ್ಟೇಷನ್ನಿಗೆ ಬಾರದೆ ಇರಬಹುದು. ಅವನ ಹತ್ತಿರ ಕಾರೇ ಇಲ್ಲದೆ ಬರೀ ಫೋಟೋಗಳಷ್ಟೇ ಇರಬಹುದು.

ಮಾಲ್ಮೋಗೆ ಹೋಗುವ ರೈಲಿನಲ್ಲಿ ಕೂತು ನಾನು ಇವನ್ನೆಲ್ಲ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಎದುರು ಸೀಟಿನಲ್ಲಿ ನನ್ನ ಹೆಂಡತಿ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎಸ್ಕಿಲ್‌ಸ್ಟುನಾದ ಶಾಲೆಯೊಂದರಲ್ಲಿ ಅವಳು ಗಣಿತದ ಟೀಚರ್; ನಮ್ಮ ಮನೆಯೂ ಅದೇ ಊರಿನಲ್ಲಿ.

"ಮುಗೀತಾ ಲಿಸ್ಟು?" ಎಂದಳು, ತಲೆ ಎತ್ತದೆ.

"ಯಾವ ಲಿಸ್ಟು?"

"ನಿಮ್ಮ ತುಟಿ ಅಲ್ಲಾಡ್ತಾ ಇದೆ ರೀ."

ಏನು ಕೆಡಬಹುದು ಎಂದು ಮುಂಚೆಯೇ ಊಹಿಸುವುದಕ್ಕೇ ನನಗೆ ಸಂಬಳ. ಮಣ್ಣೆತ್ತುವ ದೊಡ್ಡ ಯಂತ್ರಗಳ ಯಾವ ಭಾಗ ಯಾವಾಗ ಮುರಿಯಬಹುದು, ಮುರಿದರೆ ಯಾರ ಕಾಲ ಮೇಲೆ ಬೀಳಬಹುದು ಎಂದು ಹಗಲೆಲ್ಲ ಯೋಚಿಸಿ ಸಂಜೆ ಮನೆಗೆ ಬರುವವನು ನಾನು. ಆ ಯೋಚನೆಯನ್ನು ಗೇಟಿನಲ್ಲೇ ಬಿಟ್ಟು ಬರುವ ವ್ಯವಸ್ಥೆ ಇಲ್ಲ. ಹಾಗಾಗಿ ನನ್ನ ಹೆಂಡತಿ ಒಂದು ಕಾರು ಬೇಕು ಎಂದದ್ದಕ್ಕೂ ಆ ಕಾರನ್ನು ತರಲು ನಾವು ರೈಲು ಹತ್ತಿದ್ದಕ್ಕೂ ನಡುವೆ ಏಳು ವರ್ಷ ಹಿಡಿಯಿತು. ಆ ಏಳು ವರ್ಷ ಕಾರಿನ ಬೆಲೆ ನನಗಾಗಿ ಕಾಯುತ್ತಾ ಕೂರಲಿಲ್ಲ.

ಶುರುವಾದದ್ದು ಒಂದು ಬೇಸಿಗೆಯ ಶುಕ್ರವಾರ. ಇಲ್ಲಿ ಬಿಸಿಲು ಬಿದ್ದ ಶುಕ್ರವಾರ ಸಂಜೆ ಹಳೆಯ ಅಮೆರಿಕನ್ ಕಾರುಗಳು ಊರಿನ ಮುಖ್ಯ ಬೀದಿಯಲ್ಲಿ ಸುಮ್ಮನೆ ಸುತ್ತು ಹೊಡೆಯುತ್ತವೆ. ಎಲ್ಲಿಗೂ ಹೋಗುವುದಿಲ್ಲ, ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬರುತ್ತವೆ. ನಾವು ಐಸ್‌ಕ್ರೀಮ್ ಹಿಡಿದು ರಸ್ತೆ ದಾಟಲು ನಿಂತಿದ್ದೆವು. ಕಡುಹಸಿರು ಬಣ್ಣದ, ಎರಡೇ ಬಾಗಿಲಿನ, ನಮ್ಮ ಹಾಲ್‌ನಷ್ಟು ಉದ್ದದ ಕಾರೊಂದು ನಮಗಾಗಿ ನಿಂತಿತು. ಅದರ ಎಂಜಿನ್ ಸದ್ದು ಕಿವಿಗಿಂತ ಮುಂಚೆ ಹೊಟ್ಟೆಗೆ ತಲುಪಿತು. ಒಳಗೆ ಒಬ್ಬಳೇ ಹೆಂಗಸು, ಅರವತ್ತೈದು ದಾಟಿದವಳು, ಬಿಳಿ ಕೂದಲು, ಮೊಣಕೈ ಕಿಟಕಿಯ ಹೊರಗೆ. ಅವಳು ನನ್ನ ಹೆಂಡತಿಯ ಕಡೆ ನೋಡಿ ಗದ್ದ ಒಂದಿಷ್ಟು ಎತ್ತಿದಳು, ಅಷ್ಟೇ.

ರಸ್ತೆಯ ಆಚೆ ಬದಿಗೆ ಬಂದ ಮೇಲೆ ನನ್ನ ಹೆಂಡತಿ, "ನನಗೂ ಇಂಥದ್ದು ಒಂದು ಬೇಕು," ಎಂದಳು.

ನಾನು ನಕ್ಕೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಒಂದು ಮಿಕ್ಸಿಗಿಂತ ದೊಡ್ಡದನ್ನು ಕೇಳಿದ್ದು ನನಗೆ ನೆನಪಿಲ್ಲ.

"ನಗಬೇಡ್ರಿ. ನಾನು ಬಂಗಾರ ಕೇಳ್ತಿಲ್ಲ. ಬಂಗಾರ ಆದ್ರೆ ಲಾಕರಲ್ಲಿ ಇಟ್ಟು ಬರ್ತೀರಿ. ಇದನ್ನ ನಾನು ಓಡಿಸ್ತೀನಿ."

ಆ ಕಾರುಗಳ ಬೆಲೆ ಅವತ್ತು ನಮಗೆ ಎಟುಕುವಂತಿತ್ತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಡಾಲರ್ ಅಗ್ಗವಾಗಿದ್ದ ಕಾಲ. ಅಮೆರಿಕದಿಂದ ಹಡಗಿನಲ್ಲಿ ತರಿಸಿದರೂ, ಇಲ್ಲಿಯೇ ಯಾರದೋ ಗ್ಯಾರೇಜಿನಿಂದ ಕೊಂಡರೂ, ಸಾಧಾರಣ ಸ್ಥಿತಿಯ ಒಂದು ಕಾರಿಗೆ ಆಗುತ್ತಿದ್ದದ್ದು ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಖರ್ಚು. ಇದು ಹೆಂಡತಿಯ ಅಳತೆ. ಸ್ವೀಡನ್ನಿನಲ್ಲಿ ಯಾರ ಮನೆಗೆ ಹೋದರೂ ಅವರು ಅಡುಗೆಮನೆ ಕಿತ್ತು ಹೊಸದು ಮಾಡಿಸುತ್ತಿರುತ್ತಾರೆ, ಇಲ್ಲವೇ ಮಾಡಿಸಿ ಮುಗಿಸಿ ಅದರ ಬೆಲೆ ಹೇಳುತ್ತಿರುತ್ತಾರೆ. ನಾವೂ ನಮ್ಮ ಅಡುಗೆಮನೆಗೆಂದು ದುಡ್ಡು ಎತ್ತಿಟ್ಟಿದ್ದೆವು. "ಅದೇ ದುಡ್ಡು," ಎಂದಳು ಅವಳು. "ಈ ಹಳೇ ಕಪಾಟು ಇಟ್ಕೊಂಡೇ ಇನ್ನೊಂದಿಷ್ಟು ವರ್ಷ ಸಾರು ಮಾಡ್ತೀನಿ."

"ಡಾಲರ್ ಇನ್ನೂ ಸ್ವಲ್ಪ ಇಳಿಯಲಿ," ಎಂದೆ ನಾನು.

ಬೆಂಗಳೂರಿನ ಪ್ರತಿ ಮನೆಯಲ್ಲೂ ಕೈತಪ್ಪಿದ ಸೈಟಿನ ಕಥೆಯೊಂದು ಇರುತ್ತದೆ. ನಮ್ಮಪ್ಪ ಜಯನಗರದಲ್ಲಿ ಸೈಟೊಂದನ್ನು ನೋಡಿ, ಅಲ್ಲಿ ನರಿ ಕೂಗುತ್ತದೆ, ಬಸ್ಸಿಲ್ಲ, ಇನ್ನೊಂದು ವರ್ಷ ಬಿಟ್ಟು ನೋಡೋಣ ಎಂದು ವಾಪಸ್ ಬಂದವರು. ಹಬ್ಬದ ಊಟಕ್ಕೆ ಕೂತಾಗಲೆಲ್ಲ ಅಮ್ಮ ಆ ಸೈಟನ್ನು ಬಡಿಸುತ್ತಿದ್ದಳು. ಅದನ್ನು ಕೇಳುತ್ತಾ ಬೆಳೆದ ನಾನು ಅಪ್ಪನ ತಪ್ಪು ಮಾಡಬಾರದೆಂದು ನಿಶ್ಚಯಿಸಿದ್ದೆ. ಸೈಟಿನ ವಿಷಯದಲ್ಲಿ ಮಾಡಲೂ ಇಲ್ಲ.

ಡಾಲರ್ ಇಳಿಯಲಿಲ್ಲ. ಮೊದಲು ನಿಂತಿತು, ಆಮೇಲೆ ಏರಿತು, ಏರುತ್ತಲೇ ಹೋಯಿತು. ದಿನಾ ಊಟವಾದ ಮೇಲೆ ನಾನು ಕಾರು ಮಾರುವ ವೆಬ್‌ಸೈಟ್ ತೆರೆದು ಕೂರುತ್ತಿದ್ದೆ. ಹೋದ ವರ್ಷ ನೋಡಿ ಬಿಟ್ಟ ಕಾರೇ ಈ ವರ್ಷ ಇನ್ನೊಬ್ಬರ ಅಂಗಳದಲ್ಲಿ, ಹೊಸ ಟೈರು ಹಾಕಿಕೊಂಡು, ಒಂದೂವರೆ ಪಟ್ಟು ಬೆಲೆಗೆ ನಿಂತಿರುತ್ತಿತ್ತು. ಬಾಗಿಲ ಮೇಲಿನ ತಗ್ಗು ಮಾತ್ರ ಅದೇ ತಗ್ಗು.

"ಈಗ ಎಷ್ಟು ಅಡುಗೆಮನೆ?" ಎಂದು ಹೆಂಡತಿ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದಳು.

"ಒಂದೂ ಮುಕ್ಕಾಲು."

"ಮುಂದಿನ ಬೇಸಿಗೆಗೆ ಬಾತ್ರೂಮೂ ಸೇರುತ್ತೆ, ನೋಡ್ತಾ ಇರಿ."

ಸೇರಿತು.

ಆಗ ಪಕ್ಕದ ಸೋಫಾದಿಂದ ಮಗಳು, ಹೈಸ್ಕೂಲಿನವಳು, ಫೋನಿನಿಂದ ಕಣ್ಣು ತೆಗೆಯದೆ, "ಪಪ್ಪಾ, ದೆ ಏರ್ ಬಾರಾ ಎನ್ ಬೀಲ್," ಎನ್ನುತ್ತಿದ್ದಳು. ಬರೀ ಒಂದು ಕಾರು ಅಷ್ಟೇ ಎಂದು ಅರ್ಥ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಅವಳು, ಇದಕ್ಕೆ ಮಾತ್ರ ಕೇಳದೆಯೇ ಉತ್ತರ ಕೊಡುತ್ತಿದ್ದಳು.

ಬರೀ ಕಾರಾಗಿದ್ದರೆ ಯಾಕೆ ಹೀಗೆ ಏರುತ್ತದೆ ಎಂದು ನಾನು ನಮ್ಮ ಕಾರ್ಖಾನೆಯ ಟೆಸ್ಟ್ ಯಾರ್ಡಿನಲ್ಲಿ ಯಂತ್ರ ಓಡಿಸುತ್ತಿದ್ದ ಒಬ್ಬನನ್ನು ಕೇಳಿದೆ. ನಿವೃತ್ತಿಗೆ ಹತ್ತಿರವಿದ್ದವನು; ಹದಿನೆಂಟು ತುಂಬಿದಾಗಿನಿಂದ ಅಮೆರಿಕನ್ ಕಾರಿನ ಹುಚ್ಚು. ಫೀಕಾ ಹೊತ್ತಿನಲ್ಲಿ, ಎಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿನಲ್ಲಿ, ಅವನಿಗೆ ಬೇರೆ ಮಾತೇ ಇರಲಿಲ್ಲ.

"ಪೆಟ್ರೋಲ್ ದುಬಾರಿಯಾದಾಗ ಅಮೆರಿಕದವರಿಗೆ ಇವು ಬೇಡವಾದವು," ಎಂದ. "ಹಡಗು ತುಂಬಿ ಇಲ್ಲಿಗೆ ಬಂದವು. ಬೇಸಿಗೆ ರಜೆಯಲ್ಲಿ ಕಾರ್ಖಾನೆಗೆ ಬಂದು ನೆಲ ಗುಡಿಸಿದರೆ ಆ ಸಂಬಳಕ್ಕೆ ಒಂದು ಕಾರು. ಶನಿವಾರ ಕೊಂಡು ಭಾನುವಾರ ಹೊಲಕ್ಕೆ ಇಳಿಸುತ್ತಿದ್ದೆವು. ನಾನೇ ಮೂರು ಹಾಳು ಮಾಡಿದೆ. ನಾಲ್ಕನೆಯದನ್ನು ಕೊಟ್ಟು ದೋಣಿಯ ಮೋಟಾರು ತಗೊಂಡೆ."

"ಒಳ್ಳೆಯ ಮೋಟಾರಾ?"

"ಕೆರೆಗೆ ಬಿತ್ತು."

ಆಗಿನ ಹುಡುಗರಿಗೆ ಈಗ ಮನೆ ಸಾಲ ತೀರಿದೆ, ಮಕ್ಕಳು ಬೇರೆ ಹೋಗಿದ್ದಾರೆ. ಹದಿನೆಂಟರಲ್ಲಿ ಹಾಳು ಮಾಡಿದ್ದನ್ನೇ ಅರವತ್ತರಲ್ಲಿ ಮತ್ತೆ ಕೊಳ್ಳಲು ಹೊರಟಿದ್ದಾರೆ. ಸಾಲದ್ದಕ್ಕೆ ಅಮೆರಿಕದ ವ್ಯಾಪಾರಿಗಳು ಏರಿದ ಡಾಲರ್ ಹಿಡಿದು ಬಂದು, ತಾವು ಒಮ್ಮೆ ಗುಜರಿ ಎಂದು ಕಳಿಸಿದ್ದನ್ನೇ ಮತ್ತೆ ಹಡಗಿಗೆ ಏರಿಸುತ್ತಿದ್ದಾರೆ. ಇವರಿಬ್ಬರ ನಡುವೆ ದಾವಣಗೆರೆಯ ಒಬ್ಬ ಗಣಿತದ ಟೀಚರ್ ಒಂದು ಅಡುಗೆಮನೆಯಷ್ಟು ದುಡ್ಡು ಹಿಡಿದು ನಿಂತಿದ್ದಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಯಂತ್ರ ಓಡಿಸುವ ಇವನಿಗೆ ಮಾತ್ರ ಗೊತ್ತಾಯಿತು. ನಾನೇ ಹೇಳಿದೆ. ಅವನು ಆಮೇಲೆ ಕೊಂಡು ಇಟ್ಟುಕೊಂಡಿದ್ದ ಎರಡು ಬಾಗಿಲಿನ ಕಾರನ್ನು, ನಿವೃತ್ತಿಗೆ ಮುಂಚೆ, ಹೋದ ವರ್ಷದ ಬೆಲೆಗೆ ಕೊಡುತ್ತೇನೆ ಎಂದ. ಭಾನುವಾರ ಸಂಜೆ ಎಂಟಕ್ಕೆ ಬಂದು ಅಡ್ವಾನ್ಸ್ ಕೊಡಿ, ಸೋಮವಾರದಿಂದ ನಾನು ಬೇರೆಯವರಿಗೂ ಹೇಳುತ್ತೇನೆ ಎಂದ.

ಇಲ್ಲಿ ರಾಹುಕಾಲ ಬಂತು. ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಆದರೆ ಅದು ಸುಳ್ಳು ಎನ್ನುವುದಕ್ಕೂ ನನ್ನ ಬಳಿ ಪುರಾವೆ ಇಲ್ಲ, ಮತ್ತು ಇದು ಪ್ರಾಣಕ್ಕೆ ಸಂಬಂಧಿಸಿದ ವಾಹನ. ಭಾನುವಾರ ನಾಲ್ಕೂವರೆಯಿಂದ ಆರು ಎಂದು ಬೆಂಗಳೂರಿನಿಂದ ತಂದ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು. ಎಂಟಕ್ಕೆ ಹೋದರೆ ಏನೂ ತೊಂದರೆ ಇರಲಿಲ್ಲ. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ರಾಹುಕಾಲ ಎಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಎಂಟನೇ ಒಂದು ಭಾಗ ಎಂದು ನನಗೆ ಗೊತ್ತಿತ್ತು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಬೆಳಗಿನ ಜಾವ ಮೂರೂವರೆಗೆ ಬಂದವನು ರಾತ್ರಿ ಹತ್ತಕ್ಕೆ ಹೋಗುತ್ತಾನೆ. ಲೆಕ್ಕ ಹಾಕಿದೆ. ಎಸ್ಕಿಲ್‌ಸ್ಟುನಾದ ರಾಹುಕಾಲ ಎರಡು ಗಂಟೆಗೂ ಮೀರಿ ಹಿಗ್ಗಿತ್ತು, ಮತ್ತು ಭಾನುವಾರದ್ದು ಹಗಲಿನ ಕೊನೆಯ ಭಾಗವಾದ್ದರಿಂದ ಸರಿಯಾಗಿ ಎಂಟು ಗಂಟೆಯನ್ನು ನುಂಗಿ ಕೂತಿತ್ತು.

"ಬೆಂಗಳೂರು ಟೈಮ್ ಹಿಡೀರಿ," ಎಂದಳು ಹೆಂಡತಿ. "ರಾಹು ಏನು ಸ್ವೀಡನ್‌ಗೆ ವೀಸಾ ತಗೊಂಡು ಬಂದಿದಾನಾ?"

"ಹಿಡಿದರೆ ಸರಿಯಾಗಿ ಹಿಡೀಬೇಕು. ಇಲ್ಲಾಂದ್ರೆ ಬಿಡಬೇಕು."

"ಬಿಡಿ ಮತ್ತೆ."

ಬಿಡಲಾಗಲಿಲ್ಲ. ಅವನಿಗೆ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ಬರುತ್ತೇವೆ ಎಂದೆ. ಸೋಮವಾರದ ರಾಹುಕಾಲ ಹಗಲಿನ ಎರಡನೇ ಭಾಗ, ಅದು ಮುಗಿಯುವುದು ಎಂಟರ ನಂತರ. ಮುಗಿಯಲೆಂದು ಅವನ ಮನೆಯ ಬೀದಿಯ ತಿರುವಿನಲ್ಲಿ ನಮ್ಮ ದಿನದ ಕಾರಿನೊಳಗೆ ಕೂತು ಕಾದೆವು. ಕಾಯುತ್ತಿರುವಾಗಲೇ ನಾರ್ವೆಯ ನಂಬರಿನ ಒಂದು ಟ್ರೇಲರ್ ನಮ್ಮ ಪಕ್ಕದಿಂದ ನಿಧಾನವಾಗಿ ಹೋಯಿತು. ಅದರ ಮೇಲೆ ಎರಡು ಬಾಗಿಲಿನ ಕಾರು ಇತ್ತು.

ಅವನು ಬಾಗಿಲು ತೆರೆದು ನಿಜವಾಗಿಯೂ ಆಶ್ಚರ್ಯಪಟ್ಟ. "ನಿನ್ನೆ ಸಂಜೆ ಬರುವುದಿಲ್ಲ, ಬೆಳಿಗ್ಗೆ ಎಂದೆಯಲ್ಲ. ನಿನಗೆ ಇಷ್ಟವಿಲ್ಲ, ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೀಯ ಅಂದುಕೊಂಡೆ. ರಾತ್ರಿಯೇ ನಾರ್ವೆಯವನಿಗೆ ಫೋನ್ ಮಾಡಿದೆ."

ಮನೆಗೆ ವಾಪಸ್ ಬಂದೆವು. ಚಪ್ಪಲಿ ಬಿಡುವಾಗ ಹೆಂಡತಿ, "ಒಂಬತ್ತಕ್ಕೆ ನನಗೆ ಕ್ಲಾಸಿದೆ. ರಾಹುಕಾಲ ಮುಗೀತಲ್ಲ, ಹೋಗಬಹುದಾ?" ಎಂದಳು. ಆ ವರ್ಷವೆಲ್ಲ ಅವಳು ಬೆಲೆ ಕೇಳಲಿಲ್ಲ. ಪಾತ್ರೆ ತೊಳೆಯುವಾಗ ನಾನಾಗಿಯೇ, "ಎರಡೂವರೆ ಅಡುಗೆಮನೆ ಆಗಿದೆ," ಎಂದರೂ ನಲ್ಲಿ ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು. ಅವಳು ಕೇಳದೆ ಇದ್ದಾಗಲೇ ಆ ಕಾರು ನನಗೂ ಬೇಕಾಗಿದೆ ಎಂದು ಗೊತ್ತಾದದ್ದು. ಅವಳು ಮೊಣಕೈ ಹೊರಗಿಟ್ಟು ಓಡಿಸುವುದನ್ನು ನೋಡಬೇಕಿತ್ತು. ಗೊತ್ತಾಗುವ ಹೊತ್ತಿಗೆ ಅದು ನಮ್ಮ ಕೈಮೀರಿತ್ತು.

ಕೊನೆಗೆ ದಾರಿ ಹುಡುಕಿದ್ದು ಅವಳೇ. ಒಂದು ಸಂಜೆ ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಅದೇ ಕಂಪನಿ, ಅದೇ ವರ್ಷ, ಅದೇ ಎಂಟು ಸಿಲಿಂಡರಿನ ಎಂಜಿನ್. ಆದರೆ ನಾಲ್ಕು ಬಾಗಿಲು. ಬೆಲೆ ಒಂದು ಅಡುಗೆಮನೆ.

"ಇದು ಆ ಎರಡು ಬಾಗಿಲಿನ ಮಸಲ್ ಕಾರ್ ಅಲ್ಲ," ಎಂದೆ. "ಸಂಸಾರದವರ ಕಾರು. ಇದನ್ನು ಕಲೆಕ್ಟರ್‌ಗಳು ಮೂಸಿಯೂ ನೋಡಲ್ಲ."

"ಅದಕ್ಕೇ ಅಗ್ಗ. ಬಾಗಿಲು ಜಾಸ್ತಿ ಆದಷ್ಟೂ ರೇಟ್ ಕಮ್ಮಿಯಂತೆ. ನಾನೇನು ಬಾಗಿಲು ಓಡಿಸ್ತೀನಾ? ಸದ್ದು ಅದೇ ಅಲ್ವಾ?"

"ಸದ್ದು ಅದೇ. ಆದರೆ ಸ್ವಲ್ಪ ವಿಚಾರಿಸಿ—"

"ಅಡ್ವಾನ್ಸ್ ಕಳಿಸಿ ಆಯ್ತು ರೀ. ಮಧ್ಯಾಹ್ನ. ಟೈಮ್ ನೋಡಿಲ್ಲ."

ಹಾಗೆ ನಾವು ಮಾಲ್ಮೋಗೆ ಹೊರಟದ್ದು. ಮಾರುವವನು ಸ್ಟೇಷನ್ನಿನಲ್ಲಿ ನಮಗಿಂತ ಮುಂಚೆ ಬಂದು ನಿಂತಿದ್ದ. ಕಾರು ಇತ್ತು, ಫೋಟೋದಲ್ಲಿದ್ದಷ್ಟೇ ನೀಲಿಯಾಗಿತ್ತು. ನಾನು ಪ್ಯಾಂಟಿನ ಚಿಂತೆ ಬಿಟ್ಟು ನೆಲದ ಮೇಲೆ ಮಲಗಿ ತಳ ನೋಡಿದೆ. ತುಕ್ಕು ಇರಬೇಕಾದಷ್ಟೇ ಇತ್ತು. ಅವನು ಹೆಂಡತಿಗೆ ಕೀಲಿ ಕೊಟ್ಟ. ಅವಳು ಎಂಜಿನ್ ಶುರು ಮಾಡಿದಾಗ ಪಾರ್ಕಿಂಗಿನಲ್ಲಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದ ಮೂವರು ತಿರುಗಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಮೊಣಕೈಯನ್ನು ಕಿಟಕಿಯ ಹೊರಗೆ ಇಟ್ಟಳು, ಆಮೇಲೆ ಕಾಲು ಚಾಚಿ ಪೆಡಲ್ ಒತ್ತಲು ನೋಡಿದಳು. ಕಾಲು ಎಟುಕಲಿಲ್ಲ.

ಸೀಟಿನ ಕೆಳಗೆ ಒಂದು ಹಿಡಿಕೆ ಇತ್ತು. ಎಳೆದು ಮುಂದಕ್ಕೆ ಜಾರಿದಳು. ಮುಂದಿನ ಸೀಟು ಆ ಕಾಲದ್ದು, ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಬೆಂಚು. ಅವಳ ಜೊತೆ, ಪಕ್ಕದಲ್ಲಿ ಕೂತಿದ್ದ ನಾನೂ ಜಾರಿದೆ. ಅವಳು ಐದಡಿ, ನಾನು ಆರಕ್ಕೆ ಒಂದಿಂಚು ಕಡಿಮೆ.

"ಇನ್ನೊಂಚೂರು," ಎಂದು ಮತ್ತೆ ಎಳೆದಳು. ನನ್ನ ಎರಡೂ ಮೊಣಕಾಲು ಡ್ಯಾಶ್‌ಬೋರ್ಡಿನ ತಗಡಿಗೆ ಹೋಗಿ ಕೂತವು.

"ಹಿಂದೆ ಕೂತ್ಕೊಳ್ರಿ, ಆರಾಮಾಗಿ."

"ಹಿಂದೆ ಬೆಲ್ಟ್ ಇಲ್ಲ."

"ಹಾಗಾದ್ರೆ ಸುಮ್ನಿರಿ."

ಹೊರಟೆವು. ಸೇತುವೆಯ ತಿರುವು ತಪ್ಪಲಿಲ್ಲ. ರೇಡಿಯೇಟರ್ ಕುದಿಯಲಿಲ್ಲ, ಎಲ್ಕ್ ಬರಲಿಲ್ಲ, ಬ್ರೇಕು ನೇರವಾಗಿ ಹಿಡಿಯಿತು. ಅರ್ಧ ಸ್ವೀಡನ್ ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವಳು ಇಳಿದು, ಪೈಪು ಸಿಕ್ಕಿಸಿ, ಯಾರೋ ಕೇಳಿದ್ದಕ್ಕೆ ಎಂಜಿನ್ ಎಷ್ಟು ದೊಡ್ಡದು ಎಂದು ಹೇಳುತ್ತಾ ನಿಂತಳು. ನಾನು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ನನ್ನ ಲಿಸ್ಟಿನಲ್ಲಿ ಎಲ್ಲೂ ಇರದ ಬಲ ಮೊಣಕಾಲು ಮಡಚಿದ ಹಾಗೇ ಉಳಿಯಿತು, ನೆಟ್ಟಗಾಗಲಿಲ್ಲ.