ಅಕ್ಟೋಬರ್‌ನಲ್ಲಿ ಬಂದ ಯುಗಾದಿ

ನಾನು ಚಿಕ್ಕವಳಿದ್ದಾಗ, ಒಂದು ವರ್ಷ ನಮ್ಮ ಮನೆಗೆ ಯುಗಾದಿ ಅಕ್ಟೋಬರ್ ತಿಂಗಳಲ್ಲಿ ಬಂತು. ಪಂಚಾಂಗದ ಪ್ರಕಾರ ಅದು ಏಪ್ರಿಲ್‌ನಲ್ಲೇ ಬಂದು ಹೋಗಿತ್ತು. ಆದರೆ ಅಪ್ಪನಿಗೆ ಆ ಯುಗಾದಿ ಒಪ್ಪಿಗೆಯಾಗಿರಲಿಲ್ಲ. ಸಿಡ್ನಿಯಲ್ಲಿ ಏಪ್ರಿಲ್ ಎಂದರೆ ಎಲೆ ಉದುರುವ ಕಾಲ, ಮಕ್ಕಳೇ, ನಿಮಗದು ಗೊತ್ತೇ ಇದೆ. ಹೊಸ ಚಿಗುರಿನ ಹಬ್ಬವನ್ನು ಸ್ವೆಟರ್ ಹಾಕಿಕೊಂಡು ಬೋಳು ಮರ ನೋಡುತ್ತಾ ಮಾಡುವುದು ಯಾವ ನ್ಯಾಯ ಎಂದು ಅವರು ಪ್ರತಿ ವರ್ಷವೂ ಕೇಳುತ್ತಿದ್ದರು.

ಆಗ ನಾವು ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಅಪ್ಪ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಎಂಜಿನಿಯರ್. ಸೇತುವೆಗಳ ನಕ್ಷೆ ಬರೆಯುತ್ತಿದ್ದರು. ನಾನು ಹುಟ್ಟಿದ್ದು ಮೈಸೂರಿನಲ್ಲಾದರೂ ನನ್ನ ನೆನಪುಗಳು ಶುರುವಾಗುವುದು ಇಲ್ಲಿಂದಲೇ. ನನ್ನ ಕನ್ನಡವೆಲ್ಲ ಹಿರಿಯರ ಬಾಯಿಂದ ಬಿದ್ದದ್ದು, ನಾನು ಆರಿಸಿಕೊಂಡದ್ದು. ನಮ್ಮ ಅಡುಗೆಮನೆ ಬಿಟ್ಟರೆ ಕನ್ನಡ ಕೇಳಿಸುವ ಇನ್ನೊಂದು ಮನೆ ನಮಗೆ ಗೊತ್ತಿದ್ದದ್ದು ಕಾರಿನಲ್ಲಿ ಇಡೀ ದಿನದ ದಾರಿಯ ಮೆಲ್ಬರ್ನಿನಲ್ಲಿ. ಅದು ಅಪ್ಪನ ಕಾಲೇಜಿನ ಗೆಳೆಯರ ಮನೆ. ಅವರನ್ನು ಮಾಮ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅತ್ತೆ. ಆ ವರ್ಷ ಮಾಮನ ತಾಯಿ ಊರಿನಿಂದ ಬಂದು ಅವರ ಜೊತೆಗಿದ್ದರು. ಅವರು ನಮಗೆಲ್ಲ ಅಜ್ಜಿ. ಹುಟ್ಟಿದಾಗಿನಿಂದ ಬೇವು ಬಾಯಿಗೆ ಬೀಳದ ಯುಗಾದಿ ಇದೇ ಮೊದಲು ಎಂದು ಅವರು ಏಪ್ರಿಲ್‌ನಲ್ಲಿ ಫೋನಿನಲ್ಲಿ ಹೇಳಿದ್ದು ಅಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಅಪ್ಪ ಸ್ಟೇಷನ್ನಿನಿಂದ ಮನೆಗೆ ನಡೆದು ಬರುವಾಗ ಬೀದಿ ಬದಿಯಲ್ಲಿ ಒಂದು ಮರ ಕಂಡರು. ಚಳಿಗಾಲವೆಲ್ಲ ಬೋಳಾಗಿ ನಿಂತಿದ್ದ ಮರ ಚಿಗುರಿ ಗೊಂಚಲು ಗೊಂಚಲು ಹೂ ಬಿಟ್ಟಿತ್ತು. ಅಪ್ಪ ಒಂದು ರೆಂಬೆ ಮುರಿದು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರು.

"ಬೇವು ಕಣೇ," ಎಂದರು ಅಮ್ಮನಿಗೆ.

ಅಮ್ಮ ಹೂವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಬೇವಿನ ಹೂ ಬೆಳ್ಳಗಿರತ್ತಲ್ರೀ. ಇದು ನೇರಳೆ."

"ಈ ದೇಶದಲ್ಲಿ ಹಂಸಾನೇ ಕಪ್ಪಗಿದೆ. ಬೇವಿನ ಹೂ ನೇರಳೆ ಆದ್ರೆ ಏನು ಹೋಯ್ತು?"

ಕಪ್ಪು ಹಂಸಗಳನ್ನು ಅಮ್ಮ ಕಣ್ಣಾರೆ ಕಂಡಿದ್ದರು. ಹಾಗಾಗಿ ರೆಂಬೆಯನ್ನು ಒಂದು ಲೋಟ ನೀರಿನಲ್ಲಿಟ್ಟರು. ಅಪ್ಪ ಆಗಿಂದಾಗಲೇ ಮೆಲ್ಬರ್ನಿಗೆ ಫೋನ್ ಮಾಡಿ, "ಅಮ್ಮಂಗೆ ಹೇಳಪ್ಪ, ಬೇವು ತರ್ತಿದ್ದೀನಿ," ಎಂದರು. ಅಕ್ಟೋಬರ್ ಮೊದಲ ಸೋಮವಾರ ರಜೆ. ಶನಿವಾರ ಹೊರಡುವುದು, ಭಾನುವಾರ ಹಬ್ಬ, ಸೋಮವಾರ ವಾಪಸ್. "ನವರಾತ್ರಿ ಬಾಗಿಲಿಗೆ ಬಂದಿದೆ, ಇವರು ಯುಗಾದಿ ಮಾಡ್ತಾರಂತೆ," ಎಂದು ಅಮ್ಮ ಒಗ್ಗರಣೆಯ ಮುಂದೆ ಹೇಳಿಕೊಂಡರು. ಆದರೂ ಇಪ್ಪತ್ತು ಒಬ್ಬಟ್ಟು ಬೇಯಿಸಿದರು. ಆ ವಾರವಿಡೀ ಅಪ್ಪ ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಶಿಳ್ಳೆ ಹಾಕುತ್ತಿದ್ದರು. ಅವರಿಗೆ ಶಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಶುಕ್ರವಾರ ಶಾಲೆಯಲ್ಲಿ ನಾನು ಮಿಸ್ ಹತ್ತಿರ ಜಂಬ ಕೊಚ್ಚಿಕೊಂಡೆ. ನಮ್ಮ ಅಪ್ಪನಿಗೆ ನಮ್ಮೂರಿನ ಮರ ಸಿಕ್ಕಿದೆ, ಭಾನುವಾರ ನಾವೆಲ್ಲ ಅದರ ಹೂವು ತಿನ್ನುತ್ತೇವೆ ಎಂದೆ. ಯಾವ ಮರ ಎಂದು ಕೇಳಿದರು. ಶಾಲೆಯ ಬೇಲಿ ಪಕ್ಕದಲ್ಲೂ ಅಂಥದೇ ಒಂದಿತ್ತು, ತೋರಿಸಿದೆ. ಮಿಸ್ ಮಂಡಿಯೂರಿ ನನ್ನ ಎತ್ತರಕ್ಕೆ ಬಂದು ಎರಡೂ ಭುಜ ಹಿಡಿದುಕೊಂಡರು. ಆ ಮರದ್ದು ಏನನ್ನೂ ಯಾರೂ ಬಾಯಿಗೆ ಹಾಕಬಾರದು, ಅದರಲ್ಲಿ ವಿಷವಿದೆ, ತಮ್ಮ ತಂದೆಯ ಜಮೀನಿನಲ್ಲಿ ಒಂದು ನಾಯಿ ಅದರ ಕಾಯಿ ತಿಂದು ಸತ್ತಿತ್ತು ಎಂದರು. ಮನೆಯಲ್ಲಿ ಹೇಳುತ್ತೀಯಲ್ಲ ಎಂದು ಎರಡು ಸಲ ಕೇಳಿದರು. ತಲೆಯಾಡಿಸಿದೆ.

ಮನೆಗೆ ಬಂದರೆ ಅಪ್ಪ ಆಫೀಸಿನಿಂದ ಬೇಗ ಬಂದು, ಆ ಮರದ ದೊಡ್ಡದೊಂದು ಕೊಂಬೆಯನ್ನು ಹಳೆಯ ಪಂಚೆಯ ಒದ್ದೆ ತುಂಡಿನಲ್ಲಿ ಸುತ್ತುತ್ತಿದ್ದರು. ಮಗುವಿಗೆ ಸ್ನಾನ ಮಾಡಿಸಿ ಟವಲ್ಲಿನಲ್ಲಿ ಸುತ್ತುವ ಹಾಗೆ. ಶಿಳ್ಳೆ ನಡೆದೇ ಇತ್ತು. ಹೇಳಲು ಹೋದ ನಾನು ಹಾಗೇ ಒಳಗೆ ಹೋಗಿ ಶೂ ಬಿಚ್ಚಿದೆ.

ಶನಿವಾರ ಹೊತ್ತು ಹುಟ್ಟುವ ಮೊದಲೇ ಹೊರಟೆವು. ಕಾರಿನ ಹಿಂದಿನ ಸೀಟಿನಲ್ಲಿ ಈ ಕಡೆ ನಾನು, ಆ ಕಡೆ ಅಕ್ಕ, ನಡುವೆ ಕೊಂಬೆ. ಒದ್ದೆ ಬಟ್ಟೆಯ ವಾಸನೆ, ಅದರ ಮೇಲೆ ಹೂವಿನ ತೆಳ್ಳನೆಯ ಸಿಹಿ ಗಂಧ, ಡಿಕ್ಕಿಯಿಂದ ಒಬ್ಬಟ್ಟಿನ ತುಪ್ಪದ ಘಮ. ನಾನು ಅಕ್ಕನ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ.

"ಅಪ್ಪಂಗೆ ಹೇಳು," ಎಂದಳು ಅಕ್ಕ.

"ನೀನೇ ಹೇಳೇ."

"ನಿಮ್ಮ ಮಿಸ್ ಹೇಳಿದ್ದು. ನಾನು ಯಾಕೆ ಬೈಸ್ಕೊಳ್ಲಿ?"

ಗುಲ್ಬರ್ನ್ ದಾಟಿದ ಮೇಲೆ ಧೈರ್ಯ ಮಾಡಿದೆ. "ಅಪ್ಪ, ಆ ಎಲೆ ತಿನ್ನಬಾರದಂತೆ. ನಮ್ಮ ಮಿಸ್ ಹೇಳಿದ್ರು."

ಅಪ್ಪ ನಕ್ಕರು. "ಯಾರು, ನಿನ್ನ ಟಿಫನ್ ಡಬ್ಬೀಲಿದ್ದ ಹುಣಸೆಹಣ್ಣು ನೋಡಿ ಕೊಳೆತ ಖರ್ಜೂರ ಅಂತ ಎಸೆದ್ರಲ್ಲ, ಅವರಾ?"

ಅಮ್ಮನೂ ನಕ್ಕರು. ಮಿಸ್ ಹಾಗೆ ಮಾಡಿದ್ದೂ ನಿಜವೇ. ನಾಯಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಹಬ್ಬಕ್ಕೆ ಹೊರಟಾಗ ಸಾವು, ವಿಷ ಎನ್ನುವ ಮಾತು ಬಾಯಲ್ಲಿ ಬರಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಬಾಯಿ ಮುಚ್ಚಿಕೊಂಡೆ. ಅಕ್ಕ ಕಿಟಕಿಯ ಕಡೆ ತಿರುಗಿ ಕುರಿಮರಿಗಳನ್ನು ಎಣಿಸತೊಡಗಿದಳು.

ವಸಂತ ಆ ಸಲ ಚೆನ್ನಾಗಿತ್ತು. ಗುಡ್ಡಗಳೆಲ್ಲ ಹಸಿರು, ಹಸಿರಿನ ತುಂಬ ಬಿಳಿ ಮರಿಗಳು, ಅಲ್ಲಲ್ಲಿ ಹಳದಿ ಹೂವಿನ ಪೊದೆಗಳು. ಮಧ್ಯಾಹ್ನ ಆಲ್ಬರಿ ಹತ್ತಿರ ನದಿಯ ದಂಡೆಯಲ್ಲಿ ಚಾಪೆ ಹಾಸಿ ಚಿತ್ರಾನ್ನ, ಮೊಸರನ್ನ ತಿಂದೆವು. ಅಷ್ಟರಲ್ಲಿ ಒಂದು ಮ್ಯಾಗ್‌ಪೈ ಹಕ್ಕಿ ಮರದಿಂದ ನೇರವಾಗಿ ಅಪ್ಪನ ನೆತ್ತಿಗೆ ಎರಗಿತು. ಗೂಡಿನಲ್ಲಿ ಮರಿ ಇರುವ ಕಾಲ, ಪಾಪ ಅದರ ತಪ್ಪಲ್ಲ. ಅಪ್ಪ ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದುಕೊಂಡು ಕಾರಿನ ಸುತ್ತ ಎರಡು ಸುತ್ತು ಓಡಿದರು. "ಮುಚ್ಚಳ ತೊಳೆದಿಲ್ಲರೀ, ಅರಿಶಿನ ಹತ್ತತ್ತೆ," ಎಂದು ಅಮ್ಮ ಕೂತಲ್ಲಿಂದಲೇ ಹೇಳಿದರು. ನಾವೆಲ್ಲ ನಕ್ಕೆವು. ನಾನು ಮಾತ್ರ ನಗುತ್ತಲೇ ಕಾರಿನೊಳಗಿನ ಕೊಂಬೆಯ ಕಡೆ ನೋಡಿದೆ.

ನದಿ ದಾಟುವಲ್ಲಿ ಒಂದು ಫಲಕವಿತ್ತು. ಆಚೆ ವಿಕ್ಟೋರಿಯಾ ರಾಜ್ಯ. ಅಲ್ಲಿಗೆ ಹಣ್ಣು ಒಯ್ಯುವಂತಿಲ್ಲ, ಇದ್ದರೆ ಈ ಡಬ್ಬದಲ್ಲಿ ಹಾಕಿ ಎಂದು ಬರೆದಿತ್ತು. ಅಪ್ಪ ಕಾನೂನಿಗೆ ತಲೆಬಾಗುವ ಮನುಷ್ಯ. ಕಾರು ನಿಲ್ಲಿಸಿ, ಫಲಕವನ್ನು ಎರಡು ಸಲ ಓದಿ, ನಮ್ಮ ಆರು ಕಿತ್ತಳೆಯನ್ನೂ ಡಬ್ಬಕ್ಕೆ ಹಾಕಿದರು. ಕೊಂಬೆಯನ್ನೂ ಹಾಕಿಬಿಡಲಿ ಎಂದು ನಾನು ಕಣ್ಣು ಮುಚ್ಚಿ ಬೇಡಿಕೊಂಡೆ. "ಹಣ್ಣು ಅಂತಿದೆ, ಎಲೆ ಅಂತಿಲ್ಲ," ಎಂದು ಅಪ್ಪ ಮತ್ತೆ ಕಾರು ಹತ್ತಿದರು.

ಭಾನುವಾರ ಬೆಳಿಗ್ಗೆ ಮೆಲ್ಬರ್ನಿನಲ್ಲಿ ಬಿಸಿಲು ಬಿದ್ದಿತ್ತು. ಅದು ಇರುವಷ್ಟರಲ್ಲೇ ಹಬ್ಬ ಮುಗಿಸೋಣ ಎಂದು ಮಾಮ ಎಲ್ಲರನ್ನೂ ಮನೆಯ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಸಣ್ಣದೊಂದು ಕೆರೆ, ದಂಡೆಯಲ್ಲಿ ಗುಲಾಬಿ ಬಣ್ಣದ ಹೂಬಿಟ್ಟ ಮರಗಳು. ಗಾಳಿ ಬೀಸಿದಾಗಲೆಲ್ಲ ಎಸಳು ಉದುರಿ ಅಜ್ಜಿಯ ಬಿಳಿಗೂದಲ ಮೇಲೆ ಕೂರುತ್ತಿದ್ದವು. ಅವರು ರೇಷ್ಮೆ ಸೀರೆಯ ಮೇಲೆ ಮಾಮನ ದಪ್ಪ ಕೋಟು ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ಹೊಸ ಜಮಖಾನ ಹಾಸಿದರು.

ಅಪ್ಪ ಯಾರಿಗೂ ಕೈಹಾಕಲು ಬಿಡದೆ ತಾವೇ ಎಲೆ, ಹೂ ಬಿಡಿಸಿ, ಸಣ್ಣಗೆ ಹೆಚ್ಚಿ, ಬೆಲ್ಲ ಸಿಗದ ಕಾರಣ ಕಂದು ಬಣ್ಣದ ಸಕ್ಕರೆ ಬೆರೆಸಿ, ಸ್ಟೀಲ್ ತಟ್ಟೆಯಲ್ಲಿ ಅಜ್ಜಿಯ ಮುಂದೆ ಹಿಡಿದರು. ಹಿರಿಯರು ಮೊದಲು ತಿನ್ನಬೇಕು, ಆಮೇಲೆ ನಾವೆಲ್ಲ. ಅಜ್ಜಿ ಎಡಗೈಯ ಆಸರೆ ಕೊಟ್ಟು ಬಲಗೈ ಚಾಚಿದರು. ಅಪ್ಪ ಒಂದು ಚಿಟಿಕೆ ಹಾಕಿದರು. ಆ ಕೈ ಬಾಯಿಯ ಕಡೆ ಹೊರಟಿತು.

"ಅಜ್ಜಿ, ತಿನ್ನಬೇಡಿ," ಎಂದೆ. "ಅದರಲ್ಲಿ ವಿಷ ಇದೆ. ನಾಯಿ ಸತ್ತುಹೋಯ್ತಂತೆ."

ಬರಬಾರದ ಮಾತು ಎರಡೂ ಒಟ್ಟಿಗೇ ಬಂದುಬಿಟ್ಟವು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಮ್ಮ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. "ಹಬ್ಬದ ದಿನ ಏನು ಮಾತೇ ಅದು?" ಎಂದರು ಅಪ್ಪ. ಅವರ ಮುಖ ನೋಡಲು ನನಗೆ ಆಗಲಿಲ್ಲ, ತಟ್ಟೆ ನೋಡಿದೆ.

ಅಜ್ಜಿಯ ಕೈ ಅರ್ಧ ದಾರಿಯಲ್ಲೇ ನಿಂತಿತ್ತು. "ಆ ಕೊಂಬೆ ಕೊಡಪ್ಪ ಇಲ್ಲಿ," ಎಂದರು. ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿದರು. "ಇದು ಬೇವಲ್ಲ. ಹುಚ್ಚು ಬೇವು. ನಮ್ಮ ಕಡೆ ಬೇಲೀಲಿ ಬೆಳೀತಿತ್ತು. ಅದರ ಕಾಯಿ ಮುಟ್ಟೋಕೂ ಮಕ್ಕಳನ್ನ ಬಿಡ್ತಿರಲಿಲ್ಲ."

"ನಿಮಗೆ ಗೊತ್ತಾಯ್ತಾ ಅಮ್ಮ?" ಎಂದು ಕೇಳಿದರು ಮಾಮ.

"ನಿನ್ನೆ ಸಂಜೆ ಕಾರಿಂದ ಇಳಿಸಿದಾಗ್ಲೇ ಅನುಮಾನ ಬಂತು."

"ಮತ್ತೆ ಬಾಯಿಗೆ ಹಾಕ್ಕೊಳ್ಳೋಕೆ ಹೊರಟಿದ್ರಲ್ಲ."

"ಅಷ್ಟು ದೂರದಿಂದ ಪ್ರೀತಿಯಿಂದ ತಂದಿದ್ದಾನೆ. ಹೇಗೋ ಹೇಳೋದು? ಒಂದು ಚಿಟಿಕೆ ತಾನೆ, ನುಂಗಿ ನೀರು ಕುಡಿದ್ರಾಯ್ತು ಅಂದ್ಕೊಂಡೆ."

ಮಾಮ ಕೆಮ್ಮಿದರು. ಹೂವಿನ ಬಣ್ಣ ನೋಡಿ ತಮಗೂ ಹಾಗೇ ಅನ್ನಿಸಿತ್ತೆಂದು ಒಪ್ಪಿಕೊಂಡರು. ಅತ್ತೆ ತಮ್ಮ ಪಾಲನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳಬೇಕೆಂದು ಮೊದಲೇ ಯೋಚಿಸಿಟ್ಟಿದ್ದರಂತೆ. ಅಂದರೆ ಆ ಪಾರ್ಕಿನಲ್ಲಿದ್ದ ದೊಡ್ಡವರಲ್ಲಿ ಅಪ್ಪ ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಅನುಮಾನವಿತ್ತು. ದಾಕ್ಷಿಣ್ಯಕ್ಕೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅಪ್ಪ ತಟ್ಟೆ ಕೆಳಗಿಟ್ಟು ಕೆರೆಯ ಕಡೆ ನಡೆದು ಹೋದರು. ಬೆನ್ನು ನಮ್ಮ ಕಡೆ, ಎರಡೂ ಕೈ ಹಿಂದೆ. ನಾನು ಹಬ್ಬ ಕೆಡಿಸಿದೆ ಎಂದುಕೊಂಡೆ.

ಅಜ್ಜಿ ಅಂಗೈ ಕೊಡವಿಕೊಂಡು, ಬಾಟಲಿಯ ನೀರಿನಲ್ಲಿ ತೊಳೆದುಕೊಂಡರು. "ಆ ಫ್ಲಾಸ್ಕಲ್ಲಿ ಏನಿದೆಯೇ?" ಎಂದು ಅತ್ತೆಯನ್ನು ಕೇಳಿದರು. ಕಾಫಿಗೆಂದು ತಂದ ಡಿಕಾಕ್ಷನ್ ಇತ್ತು, ಇನ್ನೂ ಹಾಲು ಬೆರೆಸಿರಲಿಲ್ಲ. "ಕಹಿ ತಾನೆ ಬೇಕಿರೋದು? ಬಗ್ಗಿಸು." ಬೇರೊಂದು ಬಟ್ಟಲಿಗೆ ಹೊಸ ಸಕ್ಕರೆ ಸುರಿದು, ಡಿಕಾಕ್ಷನ್ ಚಿಮುಕಿಸಿ, ಕಪ್ಪಗೆ ಒದ್ದೆ ಮಣ್ಣಿನ ಹಾಗೆ ಕಲಸಿದರು. ಆಮೇಲೆ ಅಪ್ಪನ ಕಡೆ ತಿರುಗಿ ಗಟ್ಟಿಯಾಗಿ ಕರೆದರು. "ಬಾರೋ ಇಲ್ಲಿ. ಹಬ್ಬದ ಯಜಮಾನ ಅಲ್ಲಿ ನಿಂತ್ರೆ ನಾವು ತಿನ್ನೋದು ಹೇಗೆ?"

ಅಪ್ಪ ಬಂದರು. ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಇದಕ್ಕಿಂತ ವಿಷಾನೇ ವಾಸಿ," ಎಂದರು. ಮೊದಲು ನಕ್ಕದ್ದು ಅಜ್ಜಿ.

ಆಮೇಲೆ ಒಬ್ಬಟ್ಟು ಬಿಚ್ಚಿದರು. ಅಪ್ಪ ನನ್ನ ಪಕ್ಕದಲ್ಲಿ ಬಂದು ಕೂತರು. "ಕಾರಲ್ಲೇ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದೆ ಅಪ್ಪ."

"ಹೌದು, ಹೇಳಿದೆ," ಎಂದು ಅಪ್ಪ ತಮ್ಮ ಕೈಯಲ್ಲಿದ್ದ ಒಬ್ಬಟ್ಟಿನ ಅರ್ಧ ಮುರಿದು ನನಗೆ ಕೊಟ್ಟರು. ಆಮೇಲೆ ಎದ್ದು ಹೋಗಿ ತಟ್ಟೆಯಲ್ಲಿದ್ದದ್ದನ್ನೂ ಕೊಂಬೆಯನ್ನೂ ಕಸದ ಡಬ್ಬಕ್ಕೆ ಹಾಕಿ, ಪಂಚೆಯ ತುಂಡನ್ನು ನೀಟಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಹನ್ನೊಂದು ಗಂಟೆಗೆ ಮೋಡ ಕವಿಯಿತು, ಹನ್ನೆರಡಕ್ಕೆ ಮಳೆ. ಜಮಖಾನದ ನಾಲ್ಕು ಮೂಲೆ ಹಿಡಿದು ತಲೆಯ ಮೇಲೆ ಹೊತ್ತುಕೊಂಡು ಎಲ್ಲರೂ ಮನೆಗೆ ಓಡಿದೆವು.

ಈಗ ಇದೇ ಸಿಡ್ನಿಯಲ್ಲಿ, ಕೆಲ್ಲಿವಿಲ್‌ನ ನಿಮ್ಮ ಮನೆಯಿಂದ ಐದು ನಿಮಿಷ ಕಾರಿನಲ್ಲಿ ಹೋದರೆ ಅಂಗಡಿಯಲ್ಲಿ ಬೇವಿನೆಲೆ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಮೇಲೆ ಹೆಸರು ಅಚ್ಚಾಗಿರುತ್ತದೆ. ಯುಗಾದಿ ಏಪ್ರಿಲ್‌ನಲ್ಲೇ ಬರುತ್ತದೆ, ಶಾಲೆಯ ಸಭಾಂಗಣದಲ್ಲಿ, ಮೈಕು, ಡ್ಯಾನ್ಸು, ಕೂರಲು ಕುರ್ಚಿ ಸಾಲದಷ್ಟು ಜನ. ವಸಂತಕ್ಕೆ ಬೇರೆಯೇ ಪಿಕ್ನಿಕ್ಕು. ಕನ್ನಡ ಕೇಳಲು ಯಾರೂ ಒಂದು ದಿನವಿಡೀ ಕಾರು ಓಡಿಸಬೇಕಾಗಿಲ್ಲ. ನೀವೋ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ. ಅದು ನನಗೆ ಅಭ್ಯಾಸವಾಗಿದೆ.

ಕಳೆದ ಸೆಪ್ಟೆಂಬರ್ ಪಿಕ್ನಿಕ್ಕಿನಲ್ಲಿ ಒಬ್ಬರು ಆಂಟಿ ದೊಡ್ಡ ಪಾತ್ರೆಯ ತುಂಬ ಶಾವಿಗೆ ಪಾಯಸ ಮಾಡಿ ತಂದಿದ್ದರು. ಸಕ್ಕರೆಯ ಡಬ್ಬವೆಂದು ಉಪ್ಪಿನ ಡಬ್ಬ ಬಗ್ಗಿಸಿಬಿಟ್ಟಿದ್ದರು. ದೊಡ್ಡವರೆಲ್ಲ ಲೋಟ ಹಿಡಿದುಕೊಂಡು "ಸೂಪರ್ ಆಂಟಿ" ಎನ್ನುತ್ತಾ ನಿಂತಿದ್ದರು. ನೀವಿಬ್ಬರು ಒಂದೇ ಗುಟುಕಿಗೆ, "ಆಂಟಿ, ದಿಸ್ ಈಸ್ ಸೋ ಸಾಲ್ಟಿ," ಎಂದಿರಿ. ನಿಮ್ಮಮ್ಮ, ನನ್ನ ಮಗಳೇ, ನಿಮ್ಮನ್ನು ಚಿವುಟಿದಳು. ನಿಮಗೆ ಆ ಮಾತಿಗೆ ಅರೆ ಕ್ಷಣವೂ ಬೇಕಾಗಲಿಲ್ಲ. ನನಗೆ ಸಿಡ್ನಿಯಿಂದ ಮೆಲ್ಬರ್ನಿನವರೆಗಿನ ದಾರಿಯೇ ಬೇಕಾಗಿತ್ತು. ಅದನ್ನು ನಿಮ್ಮಮ್ಮನಿಗೆ ಹೇಳೋಣವೆಂದರೆ ಅಲ್ಲಿ ನನಗೂ ಮುಖವಿರಲಿಲ್ಲ. ಅಷ್ಟು ಹೊತ್ತಿಗಾಗಲೇ ನಾನು ಒಂದು ಲೋಟ ಮುಗಿಸಿ, ಬಹಳ ಚೆನ್ನಾಗಿದೆ ಎಂದು ಹೇಳಿ, ಎರಡನೆಯದಕ್ಕೆ ಲೋಟ ಚಾಚಿದ್ದೆ.